ಕೊಂಕಣದ ಕಡಲ ದಂಡೆಯಲ್ಲಿ ಕ್ಯಾರವಾನ್ ನಿಲ್ಲಿಸಿ 40 ದಿನ: ಬೆಳಗಾವಿ ಕಡೆಯಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೋದಾಗ ಅರವತ್ತು ಕಟಕ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆವು. ನಮ್ಮ ಕಡೆ ಜೋಳದ ಕಟಕ ರೊಟ್ಟಿ ತಿಂಗಳಾದರೂ ಹಾಗೇ ಇರುತ್ತದೆ ಅಲ್ವಾ, ಅದೇ ಧೈರ್ಯ. ವೆಂಗುರ್ಲಾದಲ್ಲಿ ಮೂರನೇ ದಿನ ಬೆಳಿಗ್ಗೆ ಗಂಟು ಬಿಚ್ಚಿದರೆ ರೊಟ್ಟಿ ಒದ್ದೆ ಕರ್ಚೀಫಿನ ಹಾಗೆ ಮಡಚಿಕೊಂಡಿತು. ಮುರಿಯಲೇ ಇಲ್ಲ. ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು "ತಗೋರಿ, ನಿಮ್ಮ ಸಮುದ್ರ" ಅಂದಳು.

ಎರಡು ದಿನದ ಟ್ರಿಪ್‌ನಲ್ಲಿ ಇಂಥದ್ದು ಗೊತ್ತೇ ಆಗುವುದಿಲ್ಲ. ನಲವತ್ತು ದಿನ ಇದ್ದರೆ ರೊಟ್ಟಿಗೆ ಆದದ್ದೇ ಎಲ್ಲಕ್ಕೂ ಆಗುತ್ತದೆ: ಹಾಸಿಗೆಗೆ, ಬಟ್ಟೆಗೆ, ಬ್ರೇಕಿಗೆ. ಆದರೆ ಜನ ನನ್ನನ್ನು ಕೇಳುವುದು ಯಾವಾಗಲೂ ಗಾಡಿ ಬಗ್ಗೆ. ಎಷ್ಟು ಖರ್ಚಾಯ್ತು, ಒಳಗೆ ಏನೇನಿದೆ, ಎಸಿ ಇದೆಯಾ. ಅಲ್ರೀ, ಗಾಡಿ ಓಡುವುದು ಒಂದು ದಿನ, ನಿಲ್ಲುವುದು ಮೂವತ್ತೊಂಬತ್ತು ದಿನ. ಅದು ಯಾರ ಅಂಗಳದಲ್ಲಿ ನಿಲ್ಲುತ್ತದೆ, ಅಲ್ಲಿಯ ಬಾವಿ ನೀರು ಹೇಗಿದೆ, ಉಪ್ಪುಗಾಳಿಗೆ ನೀವು ಏನು ಮಾಡುತ್ತೀರಿ, ಇಷ್ಟು ಸರಿಯಾದರೆ ಹಳೇ ಟೆಂಪೋ ಟ್ರಾವೆಲರ್‌ನಲ್ಲೂ ಆರಾಮಾಗಿ ಇರಬಹುದು. ಇದು ತಪ್ಪಿದರೆ ಎಷ್ಟು ದುಬಾರಿ ಕ್ಯಾರವಾನ್ ಆದರೂ ಆರನೇ ದಿನಕ್ಕೆ ಊರು ನೆನಪಾಗುತ್ತದೆ. ನಾವು ಎರಡು ಚಳಿಗಾಲ ಹೀಗೆ ಕಳೆದಿದ್ದೇವೆ. ಆ ಲೆಕ್ಕದಲ್ಲೇ ಬರೆಯುತ್ತಿದ್ದೇನೆ.

ಗೋವಾ ಯಾಕೆ ಬೇಡ

ಬೆಳಗಾವಿಯವರಿಗೆ ಸಮುದ್ರ ಅಂದರೆ ಗೋವಾ. ಜಾಂಬೋಟಿ ದಾಟಿ ಚೋರ್ಲಾ ಘಾಟು ಇಳಿದರೆ ಮುಗಿಯಿತು. ಹೋಟೆಲಿನಲ್ಲಿ ಇರುವವರಿಗೆ ಅದು ಸರಿ. ಗಾಡಿಯಲ್ಲೇ ಇದ್ದು ಅಡುಗೆ ಮಾಡಿಕೊಳ್ಳುವವರಿಗೆ ಕಷ್ಟ. 2019ರಲ್ಲಿ ಅಲ್ಲಿನ ಪ್ರವಾಸಿ ತಾಣಗಳ ಕಾಯ್ದೆಗೆ ತಿದ್ದುಪಡಿ ಬಂತು. ಬೀಚಿನಂಥ ಜಾಗದಲ್ಲಿ ಬಯಲಲ್ಲಿ ಅಡುಗೆ ಮಾಡಿದರೆ, ಕುಡಿದರೆ, ಬಾಟಲಿ ಒಡೆದರೆ ಆಗ ಒಬ್ಬರಿಗೆ 2,000 ರೂಪಾಯಿ, ಗುಂಪಾದರೆ 10,000 ರೂಪಾಯಿ ದಂಡ ಇಟ್ಟರು. ಇದು ಬಂದದ್ದು ಯಾರಿಂದ ಅಂತ ನಾನು ಹೇಳಬೇಕಿಲ್ಲ. ಬಸ್ಸಿನ ಪಕ್ಕ ಸ್ಟೌ ಇಟ್ಟು ಅನ್ನ ಬೇಯಿಸಿ ತಟ್ಟೆಗಳನ್ನು ಅಲ್ಲೇ ಎಸೆದು ಬರುತ್ತಿದ್ದವರಲ್ಲಿ ನಮ್ಮ ಕಡೆಯವರೂ ಕಡಿಮೆ ಇರಲಿಲ್ಲ.

ಹಾಗಾಗಿ ನನ್ನ ಆಯ್ಕೆ ಗೋವಾದ ಪಕ್ಕದಲ್ಲೇ ಇರುವ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ. 1981ರಲ್ಲಿ ರತ್ನಾಗಿರಿಯಿಂದ ಬೇರೆಯಾದ ಜಿಲ್ಲೆ. ದಕ್ಷಿಣದಲ್ಲಿ ರೇಡಿ, ಶಿರೋಡಾ, ನಡುವೆ ವೆಂಗುರ್ಲಾ, ನಿವತಿ, ಭೋಗ್ವೆ, ಮೇಲೆ ತಾರ್ಕರ್ಲಿ, ಮಾಲ್ವಣ, ಕುಣಕೇಶ್ವರ, ದೇವಗಡ. ಊರಿಗೊಂದು ಬೀಚು. ರಾಜ್ಯ ಬೇರೆ ಅಷ್ಟೇ, ಭಾಷೆಗೆ ತೊಂದರೆ ಇಲ್ಲ. ಮಾಲ್ವಣಿ ಮೊದಮೊದಲು ಅರ್ಥವಾಗುವುದಿಲ್ಲ, ಆದರೆ ನಿಮ್ಮ ಬೆಳಗಾವಿ ಮರಾಠಿ ಅವರಿಗೆ ಅರ್ಥವಾಗುತ್ತದೆ. ಘಟ್ಟದ ಮೇಲಿನವರನ್ನು ಅವರು 'ಘಾಟಿ' ಅಂತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ನಡುವೆ ಒಂದು ದಿನ ಗೋವಾಕ್ಕೆ ಸುತ್ತಾಡಲು ಹೋದರೆ ವಾಪಸ್ ಬರುವಾಗ ಬಾಟಲಿ ತರಬೇಡಿ. ಬಾಂದಾ, ಇನ್ಸುಲಿ ಕಡೆ ಅಬಕಾರಿಯವರು ಗಾಡಿ ತಡೆದು ನೋಡುತ್ತಾರೆ. ಕ್ಯಾರವಾನ್ ಕಂಡರಂತೂ ಒಳಗೆ ಹತ್ತಿಯೇ ನೋಡುತ್ತಾರೆ.

ಯಾವಾಗ ಹೋಗಬೇಕು

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆವರೆಗೆ. ಮಾರ್ಚ್ ಬಂತು ಅಂದರೆ ತಗಡಿನ ಡಬ್ಬಿಯಲ್ಲಿ ಕೂತು ಬೆಂದ ಹಾಗೆ. ಬಿಸಿಲು ನಮ್ಮ ಬಾಗಲಕೋಟೆಯಷ್ಟು ಇರುವುದಿಲ್ಲ, ಆದರೆ ಬೆವರು ಒಣಗುವುದಿಲ್ಲ. ಒಣ ಬಿಸಿಲಿಗೆ ಒಗ್ಗಿದ ವಿಜಯಪುರದವರಿಗೆ ಇದೇ ದೊಡ್ಡ ಕಷ್ಟ. ಏಪ್ರಿಲ್, ಮೇನಲ್ಲಿ ದಂಡೆ ಹತ್ತಿರದ ಬಾವಿಗಳ ನೀರು ಸವಳಾಗುವುದೂ ಉಂಟು. ಜೂನ್ ಮೇಲೆ ಮಾತೇ ಬೇಡ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೇ ಬಂದ್ ಇರುತ್ತದೆ.

ಡಿಸೆಂಬರ್ 24ರಿಂದ ಜನವರಿ 2ರವರೆಗೆ ಮಾಲ್ವಣ, ತಾರ್ಕರ್ಲಿ, ದೇವಬಾಗ ಕಡೆ ಹೋಗಲೇಬೇಡಿ. ಇಕ್ಕಟ್ಟು ರಸ್ತೆ, ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕು, ಅದರಲ್ಲಿ ನಿಮ್ಮ ವ್ಯಾನ್ ಬೇರೆ. ಆ ಹತ್ತು ದಿನ ಎಲ್ಲಿ ನಿಂತಿರುತ್ತೀರೋ ಅಲ್ಲೇ ಇರಿ, ಗಾಡಿ ಅಲುಗಾಡಿಸಬೇಡಿ.

ಜಾಗ ಹುಡುಕುವುದು: ವ್ಯಾನ್ ಇಲ್ಲದೆ ಹೋಗಿ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಇದಕ್ಕೆ ಎರಡು ದಿನ ಬೇರೆಯಾಗಿ ತೆಗೆದಿಡಿ. ಅಕ್ಟೋಬರಿನಲ್ಲಿ ಬೈಕ್ ಮೇಲೋ ಕಾರಿನಲ್ಲೋ ಹೋಗಿ. ಮೊದಲ ಸಲ ನಾವು ಹೀಗೆ ಮಾಡಲಿಲ್ಲ. ಮೊಬೈಲ್ ನಕಾಶೆಯಲ್ಲಿ ಚಂದ ಕಂಡ ಜಾಗಕ್ಕೆ ನೇರವಾಗಿ ವ್ಯಾನ್ ತಗೊಂಡು ಹೋದೆವು. ಚೀರಾ ಕಲ್ಲಿನ ಎರಡು ಕಂಪೌಂಡ್‌ಗಳ ನಡುವಿನ ಓಣಿಯಲ್ಲಿ ಸಿಕ್ಕಿಹಾಕಿಕೊಂಡು ಮುಕ್ಕಾಲು ಕಿಲೋಮೀಟರ್ ರಿವರ್ಸ್ ಬಂದೆವು. ಅಷ್ಟೂ ದೂರ ಊರಿನ ಹುಡುಗರು ಮುಂದೆ ನಡೆದುಕೊಂಡು "ಯೂ ದ್ಯಾ, ಯೂ ದ್ಯಾ" (ಬರಲಿ, ಬರಲಿ) ಅಂತ ದಾರಿ ತೋರಿಸಿದರು. ಬಂಪರ್ ಉಳಿಯಲಿಲ್ಲ, ಮಾನವೂ ಅಷ್ಟಕ್ಕಷ್ಟೇ.

ಬೀಚಿನ ಮರಳ ಮೇಲೆ ಗಾಡಿ ನಿಲ್ಲಿಸಿ ವಾರಗಟ್ಟಲೆ ಇರುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಆಗುವ ಮಾತಲ್ಲ, ಆಗಲೂಬಾರದು. ನಿಮಗೆ ಬೇಕಾದದ್ದು ದಂಡೆಯಿಂದ ಐದು ನಿಮಿಷ ನಡೆದರೆ ಸಿಗುವ ಒಂದು ಮನೆಯ ಅಂಗಳ ಅಥವಾ ತೋಟ. ಕೊಂಕಣದ ಮನೆಗಳಿಗೆ ಅಂಗಳ ದೊಡ್ಡದು. ಮನೆಮಂದಿ ಮುಂಬೈಯಲ್ಲಿ ಇದ್ದು ಹಿರಿಯರಿಬ್ಬರೇ ಇಲ್ಲಿರುವ ಮನೆಗಳು ಊರಿಗೆ ಹತ್ತು ಇವೆ. ಕೆಲವರು ಕೋಣೆ ಬಾಡಿಗೆ ಕೊಡುತ್ತಾರೆ, ಆದರೆ ಕೋಣೆ ಬೇಡ, ಬರೀ ಅಂಗಳ ಸಾಕು ಅಂದರೆ ಮೊದಲು ನಗುತ್ತಾರೆ. ಆಮೇಲೆ ಯೋಚನೆ ಮಾಡುತ್ತಾರೆ.

ಮಾತಾಡುವ ರೀತಿ ಹೇಳುತ್ತೇನೆ. ಹೋದ ಕೂಡಲೇ ದುಡ್ಡಿನ ಮಾತು ತೆಗೆಯಬೇಡಿ. ಊರಿನ ಕಿರಾಣಿ ಅಂಗಡಿಯಲ್ಲಿ ಚಹಾ ಕುಡಿದು, ಬೆಳಗಾವಿಯವರು ಅಂತ ಹೇಳಿ. ಬೆಳಗಾವಿಯಲ್ಲಿ ಓದಿದ ಮಗಳು, ಅಲ್ಲಿಯ ಆಸ್ಪತ್ರೆಗೆ ಬಂದಿದ್ದ ಅಣ್ಣ, ಯಾರೋ ಒಬ್ಬರು ನೆನಪಾಗಿಯೇ ಆಗುತ್ತಾರೆ. ನಮಗೆ ಅಂಗಳ ಕೊಟ್ಟ ಮನೆಯ ಕಾಕಾ ಸಿಕ್ಕಿದ್ದು ಹಾಗೆಯೇ. ಅವರ ಹೆಂಡತಿ ಕಾಕು ಮೊದಲು ಕೇಳಿದ ಪ್ರಶ್ನೆ, "ಗಾಡಿಯಲ್ಲಿ ಸಂಡಾಸ ಎಲ್ಲಿ ಚೆಲ್ಲುತ್ತೀರಿ?" ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಬಾಯಲ್ಲಿ ತಯಾರಿರಬೇಕು, ತಡವರಿಸಿದರೆ ಕೆಲಸ ಕೆಟ್ಟಿತು.

ನೀವು ನೋಡಿಕೊಳ್ಳಬೇಕಾದದ್ದು: ಗೇಟಿನ ಅಗಲ, ಟೇಪ್ ಹಿಡಿದೇ ಅಳೆಯಿರಿ. ಓಣಿಯ ಮೇಲಿನ ಕರೆಂಟ್ ತಂತಿ ಎಷ್ಟು ಎತ್ತರದಲ್ಲಿದೆ. ಅಂಗಳ ಗಟ್ಟಿ ನೆಲವೋ ಮರಳೋ. ಬಾವಿ ನೀರು ಸಿಹಿಯೋ ಸವಳೋ, ಒಂದು ಲೋಟ ಕುಡಿದು ನೋಡಿ. ಹೊರಗಿನಿಂದ ಬಳಸುವ ಸಂಡಾಸ ಇದೆಯೋ. ಮೊಬೈಲ್ ಸಿಗ್ನಲ್, ಅದೂ ಅಂಗಳದಲ್ಲಿ ನಿಂತು ನೋಡಬೇಕು, ರಸ್ತೆಯಲ್ಲಿ ಅಲ್ಲ. ನಾನು ಲ್ಯಾಪ್‌ಟಾಪ್ ಮೇಲೆ ಲೆಕ್ಕಪತ್ರದ ಕೆಲಸ ಮಾಡುವವನು, ಎರಡು ಬೇರೆ ಕಂಪನಿಗಳ ಸಿಮ್ ಇಟ್ಟುಕೊಂಡೇ ಹೋಗುತ್ತೇನೆ.

ಕೊನೆಗೆ ತಲೆ ಎತ್ತಿ ಮೇಲೆ ನೋಡಿ. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಬಾರದು. ಕಾಯಿ ಬಿದ್ದರೆ ಛಾವಣಿ ತಗ್ಗುತ್ತದೆ, ಸೋಲಾರ್ ಪ್ಯಾನಲ್ ಇದ್ದರೆ ಪುಡಿ. ಒಣಗಿದ ಗರಿಯ ಹೊಡೆತವೂ ಕಡಿಮೆ ಅಲ್ಲ. ಮಾವಿನ ಮರವೋ ಗೇರು ಮರವೋ ಇದ್ದರೆ ಅದರ ನೆರಳು ಚಲೋ.

ಯಾವ ಊರು ಅಂತ ಕೇಳಿದರೆ ನಾನು ವೆಂಗುರ್ಲಾ ಸುತ್ತಮುತ್ತ ಅಂತೀನಿ. ತಾರ್ಕರ್ಲಿಯ ನೀರು ಹೆಚ್ಚು ತಿಳಿ, ನಿಜ. ಆದರೆ ದೇವಬಾಗ ಅಂದರೆ ಒಂದು ಕಡೆ ಕರ್ಲಿ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಪಟ್ಟಿಯಂಥ ನೆಲ. ಗಾಡಿ ತಿರುಗಿಸಲೂ ಜಾಗ ಹುಡುಕಬೇಕು. ವೆಂಗುರ್ಲಾದಲ್ಲಿ ಪೇಟೆ ಇದೆ, ಮೀನು ಮಾರ್ಕೆಟ್ ಇದೆ, ಆಸ್ಪತ್ರೆ ಇದೆ, ಸಾಗರೇಶ್ವರದ ದಂಡೆ ಹತ್ತಿರ. ಶಿರೋಡಾ, ಮೋಚೆಮಾಡ, ವಾಯಂಗಣಿ ಎಲ್ಲ ಸಣ್ಣ ಸಣ್ಣ ದೂರ. ಶಿರೋಡಾದ ಉಪ್ಪಿನ ಆಗರಗಳನ್ನು ಒಂದು ಸಂಜೆ ನೋಡಿ ಬನ್ನಿ, 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಜಾಗ.

ಬಾಡಿಗೆ ವಿಷಯ. ದಿನದ ಲೆಕ್ಕ ಬೇಡ, ತಿಂಗಳ ಲೆಕ್ಕ ಮಾತಾಡಿ. ಕರೆಂಟಿಗೆ ಬೇರೆ ಸಬ್‌ಮೀಟರ್ ಹಾಕಿಸಿ ಯೂನಿಟ್ ಲೆಕ್ಕದಲ್ಲಿ ಕೊಡಿ. ಅರ್ಧ ದುಡ್ಡು ಮೊದಲೇ, ಇನ್ನರ್ಧ ನಡುವೆ. ಆಧಾರ್ ಝೆರಾಕ್ಸ್, ಗಾಡಿ ನಂಬರ್ ನೀವಾಗಿಯೇ ಕೊಟ್ಟುಬಿಡಿ. ಅವರು ಕೇಳಲು ಸಂಕೋಚಪಡುತ್ತಾರೆ, ಆದರೆ ಅವರ ನೆರೆಯವರು ಅವರನ್ನು ಕೇಳುತ್ತಾರೆ.

ಗಾಡಿ ಮತ್ತು ಕಾಗದ

ಬಾಡಿಗೆ ಕ್ಯಾರವಾನ್ ತಗೊಂಡರೆ ನಲವತ್ತು ದಿನಕ್ಕೆ ಲೆಕ್ಕ ಹೊಂದುವುದಿಲ್ಲ. ಸ್ವಂತ ವ್ಯಾನ್ ಇದ್ದರೆ, ಅಥವಾ ಹಳೇದು ಕೊಂಡು ಒಳಗೆ ಮಾಡಿಸಿಕೊಂಡರೆ ಮಾತ್ರ ಅರ್ಥ ಇದೆ. ಮಾಡಿಸುವಾಗ ಒಂದು ಮಾತು ನೆನಪಿಡಿ. ಸೀಟು ಕಿತ್ತು ಹಾಸಿಗೆ, ಅಡುಗೆ ಕಟ್ಟೆ ಕೂರಿಸಿದರೆ ಅದು ಗಾಡಿಯ ಬದಲಾವಣೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಓ ಒಪ್ಪಿಗೆ ಬೇಕು, ಅದು ಆರ್‌ಸಿಯಲ್ಲಿ ನಮೂದಾಗಬೇಕು. ಸುಮ್ನೆ ಮಾಡಿಸಿಕೊಂಡು ಓಡಾಡುವವರು ಬಹಳ ಜನ ಇದ್ದಾರೆ. ಅಪಘಾತ ಆಗಿ ವಿಮೆಯವರು ಬಂದು ನೋಡುವವರೆಗೆ ಎಲ್ಲ ಸರಿ ಇರುತ್ತದೆ.

ಕೆಎ 22 ನಂಬರಿನ ಖಾಸಗಿ ಗಾಡಿ ಮಹಾರಾಷ್ಟ್ರದಲ್ಲಿ ನಿಂತರೆ ತೊಂದರೆ ಆಗುತ್ತದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮಾತ್ರ ಮರುನೋಂದಣಿಯ ಮಾತು. ಹಳದಿ ಬೋರ್ಡಿನ ಗಾಡಿಯಾದರೆ ಪರ್ಮಿಟ್, ತೆರಿಗೆ ಬೇರೆ, ಅದನ್ನು ಮೊದಲೇ ಮುಗಿಸಿಕೊಳ್ಳಿ. ಲೈಸೆನ್ಸ್ ಎಲ್‌ಎಂವಿ (ಲಘು ವಾಹನದ್ದು) ಇದ್ದರೆ 7,500 ಕೆಜಿ ಒಳಗಿನ ವ್ಯಾನಿಗೆ ಸಾಕು. ವಿಮೆ, ಹೊಗೆ ತಪಾಸಣೆ ಪತ್ರದ ತಾರೀಖು ನೋಡಿ, ನೀವು ಅಲ್ಲಿರುವಾಗ ಮುಗಿಯಬಾರದು.

ತೂಕ ಹಾಕಿಸಿ, ಆಮೇಲೆ ಘಾಟು ಇಳಿಯಿರಿ

ಎಲ್ಲ ತುಂಬಿದ ಮೇಲೆ ಯಾವುದಾದರೂ ಕಾಟಾದ ಮೇಲೆ ಗಾಡಿ ನಿಲ್ಲಿಸಿ ತೂಕ ಹಾಕಿಸಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕಿಂತ ಕಡಿಮೆ ಇರಬೇಕು. ಮನೆಯವರಿಗೆ ಒಂದು ಗೋಣಿ ಜೋಳ, ಕುಕ್ಕರ್ ಎರಡು, ಒರಳು ಬೇರೆ ಬೇಕಿರುತ್ತದೆ. ಒರಳು ಬಿಟ್ಟು ಬನ್ನಿ.

ನೀರಿನ ಟ್ಯಾಂಕ್ ಖಾಲಿ ಇಟ್ಟುಕೊಂಡು ಘಾಟು ಇಳಿಯಿರಿ. 100 ಲೀಟರ್ ಅಂದರೆ 100 ಕೆಜಿ, ಅದೂ ತಿರುವಿನಲ್ಲಿ ಅತ್ತಿತ್ತ ಹೊಯ್ದಾಡುವ 100 ಕೆಜಿ. ನಮಗೆ ಟ್ಯಾಂಕ್ ಕೂರಿಸಿಕೊಟ್ಟವರು ಮುಚ್ಚಳಕ್ಕೆ ರಬ್ಬರ್ ವಾಶರ್ ಹಾಕಿರಲಿಲ್ಲ. ಅಂಬೋಲಿಯ ಮೂರನೇ ತಿರುವಿನಲ್ಲಿ ಮುಚ್ಚಳ ಎದ್ದು ಹಾಸಿಗೆ ಪೂರ್ತಿ ಸ್ನಾನ ಮಾಡಿತು. ಆ ರಾತ್ರಿ ಸಾವಂತವಾಡಿಯ ಲಾಡ್ಜಿನಲ್ಲಿ ಮಲಗಿದೆವು.

ದಾರಿ ಸುಲಭ. ಹಿಂಡಲಗಾ, ಶಿನೋಳಿ, ಪಾಟಣೆ ಫಾಟಾ, ಆಮೇಲೆ ಅಂಬೋಲಿ. ಬೆಳಗಾವಿಯಿಂದ ಅಂಬೋಲಿಗೆ ಸುಮಾರು 70 ಕಿಲೋಮೀಟರ್, ಅಲ್ಲಿಂದ ಸಾವಂತವಾಡಿ 30, ಮುಂದೆ ವೆಂಗುರ್ಲಾ ಇನ್ನೊಂದು 30ರ ಒಳಗೆ. ಕಾರಿಗೆ ಮೂರು ಗಂಟೆ, ವ್ಯಾನಿಗೆ ನಾಲ್ಕೂವರೆ ಇಟ್ಟುಕೊಳ್ಳಿ. ಬಾಗಲಕೋಟೆ, ವಿಜಯಪುರದವರು ಬೆಳಗಾವಿಯಲ್ಲಿ ಒಂದು ರಾತ್ರಿ ಮಲಗಿ ಬೆಳಿಗ್ಗೆ ಹೊರಡಿ, ದಣಿದ ಕಣ್ಣಲ್ಲಿ ಘಾಟು ಬೇಡ. ಇಳಿಯುವಾಗ ಹತ್ತಲು ಯಾವ ಗೇರ್ ಬೇಕೋ ಅದೇ ಗೇರ್‌ನಲ್ಲಿ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಇರಬೇಡಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಅರ್ಧ ಗಂಟೆ ಮಂಗಗಳನ್ನು ನೋಡಿ. ಕಿಟಕಿ ಮಾತ್ರ ಮುಚ್ಚಿರಲಿ. ಮೊಬೈಲ್ ನಕಾಶೆ ತಿಲಾರಿ ಘಾಟಿನ ದಾರಿ ಹತ್ತಿರ ಅಂತ ತೋರಿಸಿದರೂ ಆ ಕಡೆ ತಿರುಗಬೇಡಿ. ಅದು ಬಹಳ ಕಡಿದು, ಭಾರದ ಗಾಡಿಯ ದಾರಿ ಅಲ್ಲ.

ಮೊದಲ ದಿನ: ನಿಲ್ಲಿಸುವ ಕೆಲಸ

ಬೆಳಕಿರುವಾಗಲೇ ಮುಟ್ಟಿ. ಗಾಳಿ ಸಂಜೆ ಸಮುದ್ರದಿಂದ ಬರುತ್ತದೆ, ಹಾಗಾಗಿ ಬಾಗಿಲು ಸಮುದ್ರದ ಕಡೆ ಇದ್ದರೆ ಮರಳೂ ಉಪ್ಪೂ ನೇರ ಒಳಗೆ. ಬಾಗಿಲು ಪಕ್ಕಕ್ಕೆ ಬರುವ ಹಾಗೆ ನಿಲ್ಲಿಸಿ, ಕಿಟಕಿ ಮಾತ್ರ ಗಾಳಿಗೆ ಇರಲಿ.

ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿ. ಮಟ್ಟ ನೋಡಲು ದೊಡ್ಡ ಯಂತ್ರ ಬೇಡ, ತಟ್ಟೆಯಲ್ಲಿ ನೀರು ಹಾಕಿ ಕಟ್ಟೆಯ ಮೇಲಿಟ್ಟರೆ ಗೊತ್ತಾಗುತ್ತದೆ. ತಲೆ ಕಡೆ ತುಸು ಎತ್ತರ ಇರಲಿ. ಆಮೇಲೆ ಬಹಳ ಜನ ತಪ್ಪುವ ಜಾಗ: ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಡಬೇಡಿ. ಉಪ್ಪುಗಾಳಿಗೆ ಅದು ಹಿಡಿದುಕೊಂಡುಬಿಡುತ್ತದೆ. ಗೇರ್‌ನಲ್ಲಿ ಬಿಟ್ಟು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ.

ನೀರು ಮತ್ತು ಸಂಡಾಸ

ಇಬ್ಬರಿಗೆ ಅಡುಗೆ, ಪಾತ್ರೆ, ಕೈಕಾಲು ಮುಖ ಅಂತ ದಿನಕ್ಕೆ 30ರಿಂದ 40 ಲೀಟರ್ ಬೇಕು. ಸ್ನಾನ ಬಾವಿ ಕಟ್ಟೆಯಲ್ಲಿ ಅಥವಾ ಅವರ ಬಚ್ಚಲಲ್ಲಿ. ಅಂದರೆ 100 ಲೀಟರ್ ಟ್ಯಾಂಕನ್ನು ಎರಡು ಮೂರು ದಿನಕ್ಕೊಮ್ಮೆ ತುಂಬಬೇಕು. ಪೈಪ್ 25 ಮೀಟರ್ ತಗೊಂಡು ಹೋಗಿ, 15 ಸಾಲುವುದಿಲ್ಲ. ಬಾವಿ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿ. ಕುಡಿಯಲು ಮಾತ್ರ ಕುದಿಸಿದ್ದು ಅಥವಾ 20 ಲೀಟರಿನ ಕ್ಯಾನ್. ಹೊಸ ನೀರಿಗೆ ಮೊದಲ ವಾರ ಹೊಟ್ಟೆ ಹೇಳಿದ ಮಾತು ಕೇಳುವುದಿಲ್ಲ. ಓಆರ್‌ಎಸ್ ಪ್ಯಾಕೆಟ್ ಹತ್ತು ಇರಲಿ.

ಪಾತ್ರೆ ತೊಳೆದ ನೀರು ಎಲ್ಲಿಗೆ? ಕೊಂಕಣದಲ್ಲಿ ಬಚ್ಚಲ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ. ನಿಮ್ಮದೂ ಅಲ್ಲಿಗೇ ಹೋಗಲಿ, ಆದರೆ ಕಾಕಾನನ್ನು ಕೇಳಿ ಯಾವ ಮರಕ್ಕೆ ಅಂತ ತಿಳಿದುಕೊಳ್ಳಿ, ದಿನಾ ಒಂದೇ ಮರಕ್ಕೆ ಹಾಕಬೇಡಿ. ಎಣ್ಣೆ ಜಿಡ್ಡನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿ, ಸಾಬೂನು ಕಡಿಮೆ ಬಳಸಿ.

ಈಗ ಕಾಕುವಿನ ಪ್ರಶ್ನೆ. ಗಾಡಿಯೊಳಗಿನ ಡಬ್ಬಿ ಸಂಡಾಸ ಸುಮಾರು 20 ಲೀಟರಿನದು, ಇಬ್ಬರು ಬಳಸಿದರೆ ಮೂರು ನಾಲ್ಕು ದಿನಕ್ಕೆ ತುಂಬುತ್ತದೆ. ತುಂಬಿದ್ದನ್ನು ಮರಳಲ್ಲಿ, ಹಳ್ಳದಲ್ಲಿ, ಸಮುದ್ರದಲ್ಲಿ ಚೆಲ್ಲುವುದು ಪಾಪ, ಅಷ್ಟೇ ಅಲ್ಲ, ಮುಂದಿನ ಸಲ ಯಾರಿಗೂ ಅಂಗಳ ಸಿಗದ ಹಾಗೆ ಮಾಡುವ ಕೆಲಸ. ನಮ್ಮ ಉತ್ತರ ಹೀಗಿತ್ತು: "ಹಗಲು ನಿಮ್ಮ ಹೊರಗಿನ ಸಂಡಾಸ ಬಳಸುತ್ತೇವೆ, ತೊಳೆಯುವುದು ನಮ್ಮ ಕೆಲಸ. ಗಾಡಿಯದು ರಾತ್ರಿಗೆ ಮಾತ್ರ, ಅದನ್ನೂ ನಿಮ್ಮ ಸಂಡಾಸಕ್ಕೇ ಸುರಿದು ಎರಡು ಬಕೆಟ್ ನೀರು ಹಾಕುತ್ತೇವೆ." ಕಾಕು ತಲೆ ಆಡಿಸಿದರು. ಒಂದು ಎಚ್ಚರ: ಅವರದು ಸೆಪ್ಟಿಕ್ ಟ್ಯಾಂಕ್ ಆಗಿದ್ದರೆ ಡಬ್ಬಿಗೆ ಘಾಟು ವಾಸನೆಯ ಕೆಮಿಕಲ್ ಹಾಕಬೇಡಿ. ಟ್ಯಾಂಕಿನಲ್ಲಿ ಕೊಳೆಸುವ ಸೂಕ್ಷ್ಮಾಣುಗಳು ಸತ್ತರೆ ಮೊದಲು ವಾಸನೆ ಬರುವುದು ಅವರ ಅಡುಗೆಮನೆಗೆ.

ಕಸವನ್ನು ಹಸಿ, ಒಣ ಅಂತ ಬೇರೆ ಮಾಡಿ. ವೆಂಗುರ್ಲಾ ಪುರಸಭೆ ಕಸ ವಿಂಗಡಣೆಗೆ ಹೆಸರು ಮಾಡಿದ ಊರು, ಕಲಸಿ ಕೊಟ್ಟರೆ ಗಾಡಿಯವರು ವಾಪಸ್ ಕೊಡುತ್ತಾರೆ. ಬೆಳಗಾವಿಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಕರೆಂಟ್ ಲೆಕ್ಕ

ಒಂದು ಹಾಳೆ ತಗೊಂಡು ಬರೆಯಿರಿ. 30 ವ್ಯಾಟಿನ ಫ್ಯಾನ್ 10 ಗಂಟೆ: 300. ಸಣ್ಣ 12 ವೋಲ್ಟ್ ಫ್ರಿಡ್ಜ್ ದಿನಕ್ಕೆ: 450 ಆಸುಪಾಸು. ದೀಪ: 60. ಲ್ಯಾಪ್‌ಟಾಪ್, ಮೊಬೈಲ್: 200. ಒಟ್ಟು ಹತ್ತಿರ ಹತ್ತಿರ 1,000 ವ್ಯಾಟ್ ಅವರ್, ಅಂದರೆ 1 ಯೂನಿಟ್. 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1.28 ಯೂನಿಟ್ ಇರುತ್ತದೆ, ಒಂದು ದಿನ ಆರಾಮಾಗಿ ಸಾಕು. ಹಳೇ ಆಸಿಡ್ ಬ್ಯಾಟರಿಯಾದರೆ ಅರ್ಧದಷ್ಟೇ ಬಳಸಬೇಕು, ಪೂರ್ತಿ ಇಳಿಸಿದರೆ ಬೇಗ ಸಾಯುತ್ತದೆ.

ಸೋಲಾರ್ ಬಗ್ಗೆ ಎಲ್ಲರಿಗೂ ಆಸೆ. ಆದರೆ ಒಂದು ತಮಾಷೆ ಇದೆ: ನಿಮಗೆ ನೆರಳು ಬೇಕು, ಪ್ಯಾನಲಿಗೆ ಬಿಸಿಲು ಬೇಕು, ಪ್ಯಾನಲ್ ಇರುವುದು ನಿಮ್ಮ ತಲೆಯ ಮೇಲೆ. ನಾನು ಛಾವಣಿಯ ಪ್ಯಾನಲ್ ಬಿಟ್ಟು, 200 ವ್ಯಾಟಿನ ಮಡಚುವ ಪ್ಯಾನಲ್‌ಗೆ ಉದ್ದ ವೈರ್ ಹಾಕಿಸಿಕೊಂಡೆ. ಗಾಡಿ ನೆರಳಲ್ಲಿ, ಪ್ಯಾನಲ್ ಅಂಗಳದ ಬಿಸಿಲಲ್ಲಿ. ಇಡೀ ದಿನ ಬಿಸಿಲು ಬಿದ್ದರೆ ಮುಕ್ಕಾಲರಿಂದ 1 ಯೂನಿಟ್ ಬರುತ್ತದೆ. ಹಪ್ಪಳ ಒಣಗಿಸುವ ಹಾಗೆ ಆಗಾಗ ತಿರುಗಿಸಬೇಕು.

ಉಳಿದದ್ದಕ್ಕೆ ಮನೆಯ ಕರೆಂಟ್. 2.5 ಎಂಎಂ ತಾಮ್ರದ ಮೂರು ಎಳೆಯ ವೈರ್, ತುದಿಗೆ ಲೋಡ್ ಜಾಸ್ತಿಯಾದರೆ ಬಂದ್ ಆಗುವ ಎಂಸಿಬಿ ಮತ್ತು ಶಾಕ್ ಹೊಡೆಯದಂತೆ ಟ್ರಿಪ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಇದರಲ್ಲಿ ಉಳಿತಾಯ ಮಾಡಬೇಡಿ. ಒದ್ದೆ ನೆಲ, ಬರಿಗಾಲು, ತಗಡಿನ ಗಾಡಿ. ಅರ್ಥಿಂಗ್ ಇದೆಯಾ ಅಂತ ಊರಿನ ವೈರ್‌ಮನ್ ಕರೆಸಿ ನೋಡಿಸಿ, ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರ್ ಇರುವುದಿಲ್ಲ. ಇಂಡಕ್ಷನ್ ಒಲೆಯನ್ನು 5 ಆಂಪಿಯರಿನ ಸಾಕೆಟ್‌ಗೆ ಹಾಕಿದರೆ ಕಾಕಾನ ಮನೆ ಪೂರ್ತಿ ಕತ್ತಲು.

ಗ್ಯಾಸ್, ಅಡುಗೆ, ಮೀನು

5 ಕೆಜಿಯ ಸಣ್ಣ ಸಿಲಿಂಡರ್ ಸಾಕು, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಜಾಗದಲ್ಲಿ ನೆಲಕ್ಕೆ ತೂತು ಇರಬೇಕು, ಹೊರಗೆ ತೆರೆದಿರಬೇಕು. ಮಲಗುವಾಗ ರೆಗ್ಯುಲೇಟರ್ ಬಂದ್. ನಾವು ಒಳಗೆ ಚಹಾ ಬಿಟ್ಟರೆ ಏನೂ ಮಾಡುವುದಿಲ್ಲ, ಅಡುಗೆ ಎಲ್ಲ ಹೊರಗೆ ಅಂಗಳದಲ್ಲಿ. ಒಗ್ಗರಣೆ ವಾಸನೆ ಹಾಸಿಗೆಗೆ ಹತ್ತಿದರೆ ನಲವತ್ತು ದಿನ ಇರುತ್ತದೆ.

ಊರಿಂದ ಒಯ್ಯಬೇಕಾದದ್ದು: ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಬೇಳೆ. ಕಟಕ ರೊಟ್ಟಿ ಒಯ್ಯುವುದಾದರೆ ಬಟ್ಟೆಯ ಗಂಟು ಬೇಡ. ಹತ್ತು ಹತ್ತರಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಸ್ಟೀಲ್ ಡಬ್ಬಿಯಲ್ಲಿ ಇಡಿ. ಮೆತ್ತಗಾದ ರೊಟ್ಟಿಯನ್ನು ಸಣ್ಣ ಉರಿಯ ತವೆಯ ಮೇಲೆ ಎರಡು ನಿಮಿಷ ಇಟ್ಟರೆ ಮತ್ತೆ ಕಟಕ್ ಅನ್ನುತ್ತದೆ. ಇದನ್ನು ಕಲಿಯಲು ನಮಗೆ ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ರೊಟ್ಟಿ ಮುಗಿದಿತ್ತು. ತರಕಾರಿ ಒಯ್ದರೆ ಒಯ್ಯಿರಿ, ಅಲ್ಲಿ ಸಿಗುವುದರಲ್ಲಿ ಬಹಳಷ್ಟು ನಮ್ಮ ಘಟ್ಟದ ಮೇಲಿನದೇ.

ಮೀನು ತಿನ್ನುವವರಿಗೆ ಹಬ್ಬ. ಬಾಂಗಡೆ, ತಾರ್ಲಿ ಅಗ್ಗ, ಸುರಮಾಯಿ, ಪಾಪ್ಲೇಟ್ ದುಬಾರಿ. ಕಿವಿರು ಎತ್ತಿ ನೋಡಿ, ಕೆಂಪಿರಬೇಕು. ಕಣ್ಣು ಉಬ್ಬಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ದಂಡೆಯಲ್ಲಿ ರಾಪಣ ಬಲೆ ಎಳೆಯುವುದನ್ನು ಕಂಡರೆ ನೀವೂ ಹಗ್ಗ ಹಿಡಿಯಿರಿ. ಕಾರವಾರದ ಕಡೆ ರಂಪಣಿ ಅಂತಾರಲ್ಲ, ಅದೇ. ಮೊದಲ ದಿನ ಅಂಗೈ ಸುಲಿಯುತ್ತದೆ, ಆದರೆ ಎಳೆದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಮೀನು ತಿನ್ನದವರಿಗೆ ಸೋಲ್‌ಕಢಿ ಇದೆ, ತೆಂಗಿನ ಹಾಲಿಗೆ ಕೋಕಂ ಹಾಕಿದ್ದು. ಮಧ್ಯಾಹ್ನ ಊಟದ ಮೇಲೆ ಒಂದು ಲೋಟ ಕುಡಿದರೆ ಸಂಜೆಯ ತನಕ ಏಳಬೇಕು ಅನಿಸುವುದಿಲ್ಲ.

ಉಪ್ಪುಗಾಳಿ

ಹೊರಡುವ ಮೊದಲು ಗಾಡಿಯ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಹಾಕಿಸಿ. ಬ್ಯಾಟರಿ ಟರ್ಮಿನಲ್‌ಗೆ ವ್ಯಾಸಲಿನ್ ಹಚ್ಚಿ. ಅಲ್ಲಿದ್ದಾಗ ವಾರಕ್ಕೊಮ್ಮೆ ಸಿಹಿ ನೀರಿನಲ್ಲಿ ಗಾಡಿ ತೊಳೆಯಿರಿ, ಮುಖ್ಯವಾಗಿ ಅಡಿ ಮತ್ತು ಚಕ್ರದ ಗೂಡು. ವಾರಕ್ಕೊಮ್ಮೆ ಪೇಟೆಗೆ ಒಂದು ಸುತ್ತು ಓಡಿಸಿ, ಬ್ರೇಕ್ ಡಿಸ್ಕಿನ ತುಕ್ಕು ಉದುರುತ್ತದೆ, ಬ್ಯಾಟರಿ ತುಂಬುತ್ತದೆ. ಹಲಗೆ ಮತ್ತೆ ಕೊಡುವುದು ಬೇಜಾರು ಅಂತ ಎರಡು ವಾರ ಬಿಟ್ಟರೆ ಮೊದಲ ಬ್ರೇಕಿಗೆ ಗಾಡಿ ಹಂದಿಯ ಹಾಗೆ ಕಿರುಚುತ್ತದೆ.

ಒಳಗೆ ರಾತ್ರಿ ಕಿಟಕಿ ಪೂರ್ತಿ ಮುಚ್ಚಿದರೆ ಇಬ್ಬರ ಉಸಿರಿಗೇ ತಗಡು ಬೆವರುತ್ತದೆ, ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಸೊಳ್ಳೆ ಜಾಲರಿ ಹಾಕಿ ಎದುರುಬದುರು ಎರಡು ಕಿಟಕಿ ಎರಡು ಬೆರಳಷ್ಟು ತೆರೆದಿಡಿ. ಮಧ್ಯಾಹ್ನ ಹಾಸಿಗೆ ಎತ್ತಿ ನಿಲ್ಲಿಸಿ. ಕಾಗದ ಪತ್ರ, ಔಷಧ, ಬೆಂಕಿಪೊಟ್ಟಣ ಗಾಳಿಯಾಡದ ಡಬ್ಬಿಯಲ್ಲಿ.

ಸಮುದ್ರದ ಬಗ್ಗೆ ಗಂಭೀರವಾಗಿ

ನಾವು ಮಲಪ್ರಭಾ, ಘಟಪ್ರಭಾದಲ್ಲಿ ಈಜು ಕಲಿತವರು. ಅದು ಇಲ್ಲಿ ಸಾಲುವುದಿಲ್ಲ. ಅಲೆ ಒಡೆಯುವ ಸಾಲಿನಲ್ಲಿ ನಡುವೆ ಎಲ್ಲೋ ಒಂದು ಕಡೆ ಅಲೆ ಇಲ್ಲದೆ ಶಾಂತವಾಗಿ ಕಂಡರೆ ಅದೇ ಅಪಾಯದ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದ ವಾಪಸ್ ಹೋಗುತ್ತಿರುತ್ತದೆ, ಜೊತೆಗೆ ನಿಮ್ಮನ್ನೂ ಎಳೆಯುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಬೇಡಿ, ಸುಸ್ತಾಗುತ್ತೀರಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ನದಿ ಸಮುದ್ರ ಸೇರುವ ಜಾಗದಲ್ಲಿ, ದೇವಬಾಗದ ಸಂಗಮದಂಥ ಕಡೆ, ಇಳಿಯಲೇಬೇಡಿ.

ಭರತಿ ದಿನಕ್ಕೆ ಎರಡು ಸಲ, ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ. ಅಂದರೆ ಇವತ್ತಿನದಕ್ಕಿಂತ ನಾಳೆ 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಹೆಚ್ಚು ಮೇಲೆ ಬರುತ್ತದೆ. ದಂಡೆಯಲ್ಲಿ ಚಾಪೆ, ಬೈಕು ಬಿಟ್ಟು ಸುತ್ತಾಡಲು ಹೋಗುವವರು ಪಂಚಾಂಗ ನೋಡಿ ಹೋಗಿ. ಬೆಳಗಾವಿಯ ಒಬ್ಬರ ಬೈಕ್ ಹೀಗೇ ಅರ್ಧ ಮುಳುಗಿದ್ದನ್ನು ನಾನೇ ಕಂಡಿದ್ದೇನೆ. ಎಂಟು ಜನ ಸೇರಿ ಎಳೆದರು, ಸೈಲೆನ್ಸರ್‌ನಿಂದ ಏಡಿ ಬಂತು.

ವಾಯಂಗಣಿಯಂಥ ದಂಡೆಗಳಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಟಾರ್ಚ್ ಬಿಡಬೇಡಿ, ಬೆಂಕಿ ಹಾಕಬೇಡಿ. ಜ್ವರ, ಹಾವು, ಏಟು ಏನಾದರೂ ಆದರೆ ತಡ ಮಾಡದೆ ವೆಂಗುರ್ಲಾ, ಸಾವಂತವಾಡಿ. ಜಿಲ್ಲಾ ಆಸ್ಪತ್ರೆ ಓರೋಸ್‌ನಲ್ಲಿದೆ. ಬಹಳ ಜೋರಾದರೆ ಆ ಕಡೆಯ ಜನ ಗೋವಾದ ಬಾಂಬೋಳಿಯ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಾರೆ.

ಹೊತ್ತು ಹೋಗದಿದ್ದರೆ

ಎರಡನೇ ವಾರ ಒಂದು ಬೇಜಾರು ಬರುತ್ತದೆ, ಅದು ಎಲ್ಲರಿಗೂ ಬರುತ್ತದೆ. ಸಮುದ್ರ ನೋಡಿ ಸಾಕಾಗಿರುತ್ತದೆ, ಇಬ್ಬರ ನಡುವೆ ಸ್ಟೀಲ್ ಡಬ್ಬಿ ಎಲ್ಲಿಟ್ಟಿದ್ದೀರಿ ಅಂತ ಜಗಳ ಶುರು. ಆವಾಗ ಒಂದು ದಿನ ಮಾಲ್ವಣಕ್ಕೆ ಹೋಗಿ ದೋಣಿಯಲ್ಲಿ ಸಿಂಧುದುರ್ಗ ಕೋಟೆ ನೋಡಿ ಬನ್ನಿ, ಶಿವಾಜಿ 1664ರಲ್ಲಿ ಕಟ್ಟಿಸಲು ಶುರು ಮಾಡಿದ ಕೋಟೆ. ಅಥವಾ ಊರಿನ ಜಾತ್ರೆಯಲ್ಲಿ ದಶಾವತಾರ ಆಟ ಇದೆಯಾ ವಿಚಾರಿಸಿ. ರಾತ್ರಿಯಿಡೀ ನಡೆಯುತ್ತದೆ. ಮನೆಯಿಂದ ಚಾದರ ಒಯ್ದು ನೆಲದ ಮೇಲೆ ಕೂತರೆ ಪಕ್ಕದವರು ಶೇಂಗಾ ಕೊಡುತ್ತಾರೆ, ಕಥೆಯನ್ನೂ ಹೇಳುತ್ತಾರೆ.

ಹೊರಡುವಾಗ

ಹಿಂದಿನ ದಿನವೇ ಸಬ್‌ಮೀಟರ್ ನೋಡಿ ಲೆಕ್ಕ ಮುಗಿಸಿ. ಡಬ್ಬಿ ಸಂಡಾಸ ಖಾಲಿ ಮಾಡಿ ತೊಳೆಯಿರಿ, ನೀರಿನ ಟ್ಯಾಂಕ್ ಬಿಡಿ, ಚಕ್ರದ ಗುಳಿ ಮುಚ್ಚಿ ಅಂಗಳ ಗುಡಿಸಿ. ಬರುವಾಗ ಒಯ್ದಿದ್ದ ಕುಂದಾ ಮೊದಲ ದಿನವೇ ಕೊಟ್ಟಿರುತ್ತೀರಿ, ಹೋಗುವಾಗ ಕೊಡಲು ಇನ್ನೊಂದು ಡಬ್ಬಿ ಬೇಕು ಅಂತ ನಮಗೆ ಹೊಳೆದಿರಲಿಲ್ಲ. ಎರಡನೇ ವರ್ಷ, ನಮ್ಮನ್ನು ನೋಡಲು ಬಂದ ಅಳಿಯನ ಕೈಲಿ ತರಿಸಿದೆವು. ಕಾಕು ಅದಕ್ಕೆ ಬದಲು ಒಂದು ಚೀಲ ಕೋಕಂ ಸಿಪ್ಪೆ ಕಟ್ಟಿಕೊಟ್ಟರು.

ಬೆಳಗಾವಿ ಮುಟ್ಟಿದ ಮರುದಿನವೇ ಗಾಡಿಯನ್ನು ರ‍್ಯಾಂಪಿಗೆ ಹಾಕಿಸಿ ಅಡಿ ತೊಳೆಸಿ, ನಾಳೆ ಅಂದರೆ ತುಕ್ಕು ಕಾಯುವುದಿಲ್ಲ. ಜಾರುವ ಬಾಗಿಲಿನ ಕಾಲುವೆಯಲ್ಲಿ ಕೂತ ಮರಳನ್ನು ಬಣ್ಣ ಹಚ್ಚುವ ಸಣ್ಣ ಬ್ರಶ್‌ನಿಂದ ತೆಗೆಯಬೇಕು, ನೀರು ಬಿಟ್ಟರೆ ಇನ್ನೂ ಒಳಗೆ ಹೋಗುತ್ತದೆ. ಎಷ್ಟು ತೆಗೆದರೂ ನಮ್ಮ ಗಾಡಿಯಿಂದ ಯುಗಾದಿವರೆಗೆ ಮರಳು ಬರುತ್ತಲೇ ಇತ್ತು.